ಅಂಗಡಿಯ ಲೆಕ್ಕ, ಮನೆಯ ಲೆಕ್ಕ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಸಂದಾಯವಾದ ಹಣದ ವಿವರಗಳನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿತು. ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವೆಂಬುದು ಇಲಾಖೆಯ ವಾದ. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮಾಲೀಕರು ಬೀದಿಗಿಳಿದರು. ಹಲವು ಅಂಗಡಿಗಳಲ್ಲಿ ಕ್ಯೂ.ಆರ್. ಫಲಕ ತೆಗೆದು 'ನಗದು ಮಾತ್ರ' ಎಂಬ ಚೀಟಿ ಅಂಟಿಸಲಾಯಿತು. ಕಡೆಗೆ ವರ್ತಕರ ಪ್ರತಿನಿಧಿಗಳೊಡನೆ ಮುಖ್ಯಮಂತ್ರಿಗಳು ಸಭೆ ನಡೆಸಿ, ಹಳೆಯ ಬಾಕಿಯ ವಸೂಲಿಯನ್ನು ಕೈಬಿಡುವುದಾಗಿ ತಿಳಿಸಿದ ಮೇಲೆ ಗದ್ದಲ ತಣ್ಣಗಾಯಿತು.

ತೆರಿಗೆಯ ನ್ಯಾಯಾನ್ಯಾಯದ ಚರ್ಚೆ ಒತ್ತಟ್ಟಿಗಿರಲಿ. ಆ ದಿನಗಳಲ್ಲಿ ವರ್ತಕರಿಂದ ಮತ್ತೆ ಮತ್ತೆ ಕೇಳಿಬಂದ ಒಂದು ಉತ್ತರ ಗಮನಾರ್ಹವಾದದ್ದು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ. ಅದರಲ್ಲಿ ಭಾವಮೈದುನ ಹಿಂದಿರುಗಿಸಿದ ಕೈಗಡವಿದೆ, ಎತ್ತಿದ ಚೀಟಿಯ ಹಣವಿದೆ, ಮಗಳ ಕಾಲೇಜು ಶುಲ್ಕಕ್ಕೆಂದು ಊರಿನಿಂದ ತರಿಸಿದ ಹಣವಿದೆ ಎಂಬುದೇ ಆ ಉತ್ತರ. ಬಹುಮಂದಿಯ ಮಟ್ಟಿಗೆ ಇದು ನಿಜವೇ ಇದ್ದಿರಬೇಕು. ಆದರೆ ಅದನ್ನು ಕಾಗದದ ಮೇಲೆ ತೋರಿಸುವುದು ಸುಲಭವಾಗಿರಲಿಲ್ಲ. ಅಂಗಡಿಯ ಹಣವೂ ಮನೆಯ ಹಣವೂ ಒಂದೇ ಖಾತೆಯಲ್ಲಿ ಬಂದು, ಒಂದೇ ಖಾತೆಯಿಂದ ಹೋಗಿದ್ದವು. ಇಲಾಖೆಗೆ ಉತ್ತರ ಬರೆಯುವಾಗ ಎದುರಾದ ಈ ತೊಡಕು, ಅದಕ್ಕಿಂತ ಬಹಳ ಮೊದಲೇ ಆ ಮನೆಗಳೊಳಗೆ ಇದ್ದ ತೊಡಕು. ನೋಟಿಸು ಅದನ್ನು ಬೆಳಕಿಗೆ ತಂದಿತು, ಅಷ್ಟೆ.

ಹಿಂದಿನವರು ಈ ವಿಷಯದಲ್ಲಿ ಹೆಚ್ಚು ಶಿಸ್ತುಳ್ಳವರಾಗಿದ್ದರು ಎನ್ನಬೇಕಾಗುತ್ತದೆ. ಕಿರ್ದಿ, ಖತಾವಣಿ ಬರೆಯುತ್ತಿದ್ದ ಪೇಟೆಯ ಅಂಗಡಿಗಳಲ್ಲಿ ಯಜಮಾನನ ಹೆಸರಿಗೊಂದು ಮನೆಖರ್ಚಿನ ಖಾತೆ ಇರುತ್ತಿತ್ತು. ಹಬ್ಬಕ್ಕೆ ತಂದ ಸೀರೆಯೂ, ಮನೆಗೆ ಕಳುಹಿಸಿದ ಎರಡು ಸೇರು ಬೇಳೆಯೂ ಗುಮಾಸ್ತನ ಲೇಖನಿಯಿಂದ ಆ ಖಾತೆಗೆ ಖರ್ಚು ಬೀಳುತ್ತಿದ್ದವು. ಇಂದು ಗಣಕಯಂತ್ರದಲ್ಲಿ ಲೆಕ್ಕ ಇಡುವ ಅಂಗಡಿಗಳಲ್ಲೂ ಮಾಲೀಕನು ಮನೆಗೆ ಒಯ್ದ ಹಣವೆಷ್ಟು ಎಂಬ ಕಲಮನ್ನು ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರು ತಾಳೆಗೆ ಎಷ್ಟು ಬೇಕೋ ಅಷ್ಟನ್ನು ಬರೆದು ಮುಗಿಸುವುದು ವಾಡಿಕೆಯಾಗಿದೆ. ಜಮಾಖರ್ಚು ಸರಿಹೋಗುತ್ತದೆ. ಮನೆ ನಿಜವಾಗಿ ಎಷ್ಟು ತಿಂದಿತು, ಅಂಗಡಿ ನಿಜವಾಗಿ ಎಷ್ಟು ದುಡಿಯಿತು ಎಂಬುದು ಮಾತ್ರ ಯಾರಿಗೂ ತಿಳಿಯದೆ ಉಳಿಯುತ್ತದೆ.

ಇದಕ್ಕೆ ಇರುವ ಪರಿಹಾರ ಹಳೆಯದು, ಸರಳವಾದದ್ದು. ಮಾಲೀಕನು ತನಗೆ ತಾನೇ ಒಂದು ಸಂಬಳ ಗೊತ್ತುಮಾಡಿಕೊಂಡು, ತಿಂಗಳ ಒಂದು ನಿಶ್ಚಿತ ದಿನದಂದು ಅದನ್ನು ಚಾಲ್ತಿ ಖಾತೆಯಿಂದ ಮನೆಯ ಉಳಿತಾಯ ಖಾತೆಗೆ ವರ್ಗಾಯಿಸಬೇಕು. ಮನೆಯ ಸಮಸ್ತ ಖರ್ಚೂ ಉಳಿತಾಯವೂ ಅದರಿಂದಲೇ ನಡೆಯಬೇಕು. ನಡುವೆ ಗಲ್ಲಾಪೆಟ್ಟಿಗೆಗೆ ಕೈಹಾಕಬಾರದು. ಏಕಮಾಲೀಕತ್ವದ ಅಂಗಡಿಯಲ್ಲಿ ಮಾಲೀಕನ ಸಂಬಳವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಲು ಅವಕಾಶವಿಲ್ಲ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರ ಸಂಭಾವನೆಗೆ ಕಾಯಿದೆ ವಿಧಿಸಿದ ಮಿತಿಯೊಳಗೆ ಅವಕಾಶವುಂಟು. ತೆರಿಗೆ ಉಳಿಯುವುದಿಲ್ಲವೆಂಬ ಕಾರಣಕ್ಕೇ ಈ ಸಲಹೆಯನ್ನು ಲೆಕ್ಕಪರಿಶೋಧಕರು ಕೊಡುವುದು ಅಪರೂಪ. ಆದರೆ ತೆರಿಗೆ ಉಳಿಸುವುದೊಂದೇ ಲೆಕ್ಕ ಇಡುವುದರ ಉದ್ದೇಶವೆಂದು ಯಾವ ವ್ಯಾಪಾರಿಯ ತಂದೆಯೂ ಮಗನಿಗೆ ಹೇಳಿಕೊಟ್ಟಿರಲಾರ.

ಸಂಬಳದ ಮೊತ್ತವನ್ನು ನಿರ್ಧರಿಸುವಲ್ಲಿ ಒಂದು ಎಚ್ಚರ ಅಗತ್ಯ. ಮನೆಗೆ ಎಷ್ಟು ಬೇಕು ಎಂಬುದು ಅದರ ಅಳತೆಗೋಲಾಗಬಾರದು. ಇದೇ ಕೆಲಸಕ್ಕೆ, ಇಷ್ಟೇ ಹೊತ್ತಿಗೆ, ಬೇರೊಬ್ಬರ ಬಳಿ ದುಡಿದಿದ್ದರೆ ಎಷ್ಟು ಸಿಗುತ್ತಿತ್ತು ಎಂಬುದೇ ಅಳತೆ. ಜಿಲ್ಲಾ ಕೇಂದ್ರವೊಂದರಲ್ಲಿರುವ ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ವರ್ಷದ ಮಾರಾಟ 90 ಲಕ್ಷ ರೂಪಾಯಿ, ಶೇ. 12ರಂತೆ ಒಟ್ಟು ಲಾಭ 10.80 ಲಕ್ಷ. ಆಳಿನ ಸಂಬಳ, ವಿದ್ಯುತ್ತು, ಸಾಗಣೆ, ಇತರೆ ಸೇರಿ 3.60 ಲಕ್ಷ ಕಳೆದರೆ ಉಳಿಯುವುದು 7.20 ಲಕ್ಷ. ತಿಂಗಳಿಗೆ 60,000 ರೂಪಾಯಿ ಲಾಭವಿದೆಯೆಂದು ಮನೆಯವರೆಲ್ಲರ ನಂಬಿಕೆ.

ಈಗ ಆ ಲಾಭವನ್ನು ಒಡೆದು ನೋಡಬೇಕು. ಮಳಿಗೆ ಸ್ವಂತದ್ದು, ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 15,000ದಂತೆ ವರ್ಷಕ್ಕೆ 1.80 ಲಕ್ಷ ಬರುತ್ತಿತ್ತು. ದಾಸ್ತಾನಿನಲ್ಲೂ ಉದ್ರಿಯಲ್ಲೂ ಸೇರಿರುವ ಸ್ವಂತ ಬಂಡವಾಳ 20 ಲಕ್ಷ; ಶೇ. 7ರ ಠೇವಣಿಯಲ್ಲಿದ್ದಿದ್ದರೆ 1.40 ಲಕ್ಷ ಬಡ್ಡಿ. ದಿನಕ್ಕೆ ಹನ್ನೆರಡು ತಾಸು ಅಂಗಡಿಯಲ್ಲಿರುವ ಮಾಲೀಕನಿಗೆ ಬೇರೆಡೆ ತಿಂಗಳಿಗೆ 25,000 ಸಿಗಬಹುದಾದರೆ ವರ್ಷಕ್ಕೆ 3 ಲಕ್ಷ. ಮಧ್ಯಾಹ್ನದ ಹೊತ್ತು ಗಲ್ಲಾಪೆಟ್ಟಿಗೆಯ ಬಳಿ ಕುಳಿತು ಬಿಲ್ಲು ಬರೆಯುವ ಗೃಹಿಣಿಯ ದುಡಿಮೆಗೆ ತಿಂಗಳಿಗೆ 8,000ದಂತೆ 96,000. ಇವೆಲ್ಲದರ ಮೊತ್ತ 7.16 ಲಕ್ಷ. ವ್ಯಾಪಾರವೆಂಬ ವ್ಯಾಪಾರದಿಂದ ಹುಟ್ಟಿದ ಲಾಭ ವರ್ಷಕ್ಕೆ 4,000 ರೂಪಾಯಿ!

ಇಷ್ಟಕ್ಕೇ ಅಂಗಡಿ ಮುಚ್ಚಬೇಕೆಂದೇನೂ ಇಲ್ಲ. ಮತ್ತೊಬ್ಬರ ಕೈಕೆಳಗೆ ದುಡಿಯದಿರುವ ನೆಮ್ಮದಿಗೂ, ಊರಿನಲ್ಲಿ ಗಳಿಸಿದ ಹೆಸರಿಗೂ ಬೆಲೆಯುಂಟು. ಅದನ್ನು ಯಾವ ಖತಾವಣಿಯಲ್ಲೂ ಬರೆಯಲಾಗದು. ಆದರೆ ಆ ನೆಮ್ಮದಿಗೆ ತಾನು ತೆರುತ್ತಿರುವ ಬೆಲೆ ಎಷ್ಟೆಂದು ತಿಳಿದಿರಬೇಕಾದದ್ದು ವ್ಯಾಪಾರಿಯ ಧರ್ಮವೇ ಸರಿ. ಇದರ ಮತ್ತೊಂದು ಮುಖವೂ ಉಂಟು. ಉದ್ರಿ ವಸೂಲಿಯಿಂದ ಬೇಸತ್ತು 'ಸಾಕು ಈ ವ್ಯಾಪಾರ' ಎನ್ನುವ ಮಾಲೀಕನೊಬ್ಬ ಇದೇ ಲೆಕ್ಕ ಹಾಕಿ ನೋಡಿದಾಗ ಎಲ್ಲ ಕಳೆದೂ ನಾಲ್ಕೈದು ಲಕ್ಷ ಉಳಿಯುತ್ತಿರಬಹುದು. ಆಗ ಬದಲಾಯಿಸಬೇಕಾದದ್ದು ಕಸುಬನ್ನಲ್ಲ, ಉದ್ರಿ ಕೊಡುವ ಪದ್ಧತಿಯನ್ನು.

ಕಸುಬು ಬದಲಿಸುವ ಪ್ರಶ್ನೆ ಈಗ ಹಿಂದೆಂದಿಗಿಂತ ಹೆಚ್ಚು ಮನೆಗಳ ಬಾಗಿಲಿಗೆ ಬಂದಿದೆ. ರಾತ್ರಿ ಹನ್ನೊಂದರವರೆಗೆ ಸಾಲು ನಿಲ್ಲುತ್ತಿದ್ದ ಎಸ್.ಟಿ.ಡಿ. ಬೂತುಗಳು, ಕ್ಯಾಸೆಟ್ ಅಂಗಡಿಗಳು, ಫಿಲಂ ತೊಳೆಯುತ್ತಿದ್ದ ಸ್ಟುಡಿಯೋಗಳು, ಬೆರಳಚ್ಚು ಶಾಲೆಗಳು ಒಂದು ತಲೆಮಾರಿನೊಳಗೆ ಕಣ್ಮರೆಯಾದವು. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ಗಿರಣಿಗಳು ಮುಚ್ಚಿದ ಮೇಲೆ ಶಿಕ್ಷಣ ಸಂಸ್ಥೆಗಳ ಊರಾಯಿತು. ಗಿರಣಿಯನ್ನೇ ನೆಚ್ಚಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಬ್ಯಾಟರಿ ವಾಹನಕ್ಕೆ ಪಿಸ್ಟನ್ನೂ ಬೇಡ, ಕ್ಲಚ್ಚೂ ಬೇಡ. ಎಂಜಿನ್ನಿನ ಬಿಡಿಭಾಗಗಳನ್ನು ಕಡೆದುಕೊಡುವ ಪೀಣ್ಯದಂತಹ ಪ್ರದೇಶಗಳ ಕಿರು ಘಟಕಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದಲಾವಣೆ ಬಂದೇ ಬರುತ್ತದೆ. ಅದು ಬಂದಾಗ ಮನೆಯ ಕೈಯಲ್ಲಿ ಸ್ವಲ್ಪ ಹಣ ಇರುತ್ತದೆಯೋ, ಇಲ್ಲವೇ ಎಲ್ಲವೂ ಹಳೆಯ ಯಂತ್ರಗಳಲ್ಲಿ, ಮಾರಾಟವಾಗದ ದಾಸ್ತಾನಿನಲ್ಲಿ ಸಿಕ್ಕಿಕೊಂಡಿರುತ್ತದೆಯೋ ಎಂಬುದೇ ಮುಖ್ಯ.

ಇಲ್ಲಿ ವರ್ತಕ ಸಮುದಾಯದ ಅತಿ ಪ್ರಿಯವಾದ ಮಾತೊಂದನ್ನು ಎದುರಿಸಲೇಬೇಕು. ಸ್ವಂತ ವ್ಯಾಪಾರಕ್ಕಿಂತ ಮಿಗಿಲಾದ ಹೂಡಿಕೆ ಬೇರೊಂದಿಲ್ಲ ಎಂಬುದು ಆ ಮಾತು. ಇದರ ಹಿಂದಿನ ವಾದ ದುರ್ಬಲವಾದದ್ದೇನಲ್ಲ. ಸಾರ್ವಜನಿಕ ಭವಿಷ್ಯ ನಿಧಿಯ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಇಳಿಯಿತು. ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಶೇ. 10 ಅಥವಾ 11 ಕಟ್ಟುತ್ತಿರುವವನು ಆ ನಿಧಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಇಡುವುದು ದಡ್ಡತನವಲ್ಲವೆ? ಅದೇ ಹಣದಿಂದ ಸಾಲ ತಗ್ಗಿಸಿದರೆ ಮೂರು ನಾಲ್ಕು ಅಂಶ ಬಡ್ಡಿ ಉಳಿಯದೆ? ಅಂಕಗಣಿತ ಈ ವಾದದ ಪರವಾಗಿಯೇ ಇದೆ.

ಅನುಭವ ಮಾತ್ರ ಅದರ ಪರವಾಗಿಲ್ಲ. ಕ್ಯಾಶ್ ಕ್ರೆಡಿಟ್ ಖಾತೆಗೆ ಕಟ್ಟಿದ ಹಣ ಅಲ್ಲಿ ಉಳಿಯುವುದಿಲ್ಲ. ಮಿತಿ ತೆರೆದೇ ಇರುವುದರಿಂದ ಮುಂದಿನ ಸರಕಿನ ಲಾರಿ ಬಂದಾಗ ಅದು ಮತ್ತೆ ಹೊರಗೆ ಹೋಗುತ್ತದೆ. ಸಾಲ ತಗ್ಗಿದ ಸಮಾಧಾನ ಒಂದು ವಾರದ್ದು. ಎರಡನೆಯದಾಗಿ, ಏಕಮಾಲೀಕತ್ವದ ಅಂಗಡಿಗೂ ಮಾಲೀಕನಿಗೂ ಕಾನೂನಿನ ದೃಷ್ಟಿಯಲ್ಲಿ ಭೇದವೇ ಇಲ್ಲ. ಪಾಲುದಾರಿಕೆಯಲ್ಲೂ ಪ್ರತಿಯೊಬ್ಬ ಪಾಲುದಾರನ ಹೊಣೆ ಮಿತಿಯಿಲ್ಲದ್ದು. ವ್ಯಾಪಾರದ ಸಾಲಕ್ಕೆ ಮನೆಯ ಠೇವಣಿಯೂ ಗುರಿಯಾಗುತ್ತದೆ. ಭವಿಷ್ಯ ನಿಧಿಯಲ್ಲಿರುವ ಹಣವನ್ನಾದರೋ ಖಾತೆದಾರನ ಸಾಲಕ್ಕಾಗಿ ನ್ಯಾಯಾಲಯದ ಡಿಕ್ರಿಯ ಮೂಲಕವೂ ಜಪ್ತಿ ಮಾಡುವಂತಿಲ್ಲ. ಆದಾಯ ತೆರಿಗೆಯ ಬಾಕಿಗೆ ಈ ರಕ್ಷಣೆ ಅನ್ವಯಿಸದು, ಅದು ಬೇರೆ ಮಾತು. ಹದಿನೈದು ವರ್ಷ ಕೈಗೆ ಸಿಗದ ಹಣವೆಂದು ವರ್ತಕರು ಮೂಗು ಮುರಿಯುವ ಯೋಜನೆಯ ಗುಣವೇ ಅದು. ಕೈಗೆ ಸಿಗದ ಹಣ ಉದ್ರಿಗೂ ಹೋಗದು, ಸಾಲಗಾರನಿಗೂ ಹೋಗದು. ಮೂರು ನಾಲ್ಕು ಅಂಶದ ಬಡ್ಡಿ ವ್ಯತ್ಯಾಸವನ್ನು ಈ ರಕ್ಷಣೆಗೆ ಕಟ್ಟಿದ ವಿಮಾ ಕಂತೆಂದು ಎಣಿಸುವುದೇ ಲೇಸು.

ಇದೇ ಸಾಲಿಗೆ ಸೇರುವ, ಬಹಳ ಮಂದಿಗೆ ತಿಳಿಯದ ಮತ್ತೊಂದು ಕಾನೂನುಂಟು: 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ. ಅದರ ಆರನೆಯ ಪ್ರಕರಣದಂತೆ ವಿವಾಹಿತ ಪುರುಷನು ಹೆಂಡತಿ ಮಕ್ಕಳ ಹಿತಕ್ಕೆಂದು ನಮೂದಿಸಿ ತನ್ನ ಮೇಲೆ ಮಾಡಿಸುವ ಜೀವ ವಿಮೆಯ ಹಣ ಅವರ ಪಾಲಿಗೆ ನ್ಯಾಸವಾಗುತ್ತದೆ; ಗಂಡನ ಸಾಲಗಾರರಿಗೆ ಅದರ ಮೇಲೆ ಹಕ್ಕಿಲ್ಲ. ಸಾಲಗಾರರನ್ನು ವಂಚಿಸುವ ಉದ್ದೇಶದಿಂದಲೇ ಕಂತು ಕಟ್ಟಿದ್ದು ರುಜುವಾತಾದರೆ ಮಾತ್ರ ಆ ಕಂತಿನ ಮಟ್ಟಿಗೆ ಅವರು ಕೇಳಬಹುದು. ಈ ನಮೂದನ್ನು ಪಾಲಿಸಿ ಮಾಡಿಸುವಾಗಲೇ ಮಾಡಬೇಕು, ಅನಂತರ ಸೇರಿಸಲಾಗದು. ಸಾಲ ಮಾಡಿ ಯಂತ್ರ ತರಿಸುವ ಪ್ರತಿಯೊಬ್ಬ ಸಣ್ಣ ಕೈಗಾರಿಕೋದ್ಯಮಿಯೂ ಯಂತ್ರದ ವಿಮೆ ಮಾಡಿಸುತ್ತಾನೆ, ಏಕೆಂದರೆ ಬ್ಯಾಂಕು ಅದನ್ನು ಕೇಳುತ್ತದೆ. ಯಂತ್ರ ನಡೆಸುವವನ ವಿಮೆಯನ್ನು ಈ ನಮೂದಿನೊಡನೆ ಮಾಡಿಸಿ ಎಂದು ಕೇಳುವವರು ಯಾರೂ ಇಲ್ಲ.

ವಾಸದ ಮನೆಯನ್ನು ಅಡಮಾನವಿಡುವ ವಿಷಯದಲ್ಲಿ ಇನ್ನೂ ಕಟುವಾಗಿ ಹೇಳಬೇಕಾಗಿದೆ. ದುಡಿಯುವ ಬಂಡವಾಳದ ಮಿತಿ ಹೆಚ್ಚಿಸಲು ಶಾಖಾ ವ್ಯವಸ್ಥಾಪಕರು ಮನೆಯ ಪತ್ರ ಕೇಳುತ್ತಾರೆ. ತಂದೆಯ ಕಾಲದ ಮನೆಯ ಪತ್ರಗಳು ಸಲೀಸಾಗಿ ಬ್ಯಾಂಕು ಸೇರುತ್ತವೆ. 2002ರ ಸರ್ಫೇಸಿ ಕಾಯಿದೆಯನ್ವಯ ಸಾಲ ಅನುತ್ಪಾದಕವೆಂದು ವರ್ಗೀಕೃತವಾದ ಮೇಲೆ ಅರವತ್ತು ದಿನಗಳ ನೋಟಿಸು ಕೊಟ್ಟು, ಸಿವಿಲ್ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳಬಹುದು. ಕೃಷಿ ಜಮೀನಿಗೆ ಇದರಿಂದ ವಿನಾಯಿತಿಯಿದೆ, ವಾಸದ ಮನೆಗಿಲ್ಲ. ಆಸ್ತಿ ಅಡಮಾನವಿಲ್ಲದೆ ಸಾಲ ದೊರಕಿಸಲೆಂದೇ 2000ದಲ್ಲಿ ಸ್ಥಾಪಿತವಾದ ಸಾಲ ಖಾತರಿ ನಿಧಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿದೆ. ಕಿರು ಮತ್ತು ಸಣ್ಣ ಘಟಕಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲೇ ಸೂಚಿಸಿತು. ಖಾತರಿ ಶುಲ್ಕ ತೆರಬೇಕಾಗುತ್ತದೆಂದು ಅದನ್ನು ಬಿಟ್ಟು ಮನೆಯ ಪತ್ರ ಒಯ್ದು ಕೊಡುವುದು ಅಗ್ಗದ ಸಾಲವಲ್ಲ. ಮುಂದೆ ಕಸುಬು ಬದಲಿಸಬೇಕಾಗಿ ಬಂದಾಗ, ಮನೆ ಅಡಮಾನದಲ್ಲಿರುವವನಿಗೆ ಬದಲಿಸುವ ಸ್ವಾತಂತ್ರ್ಯವೇ ಇರುವುದಿಲ್ಲ. ನಷ್ಟದ ಅಂಗಡಿಯನ್ನು ಅವನು ಮನೆ ಉಳಿಸಿಕೊಳ್ಳುವುದಕ್ಕಾಗಿ ನಡೆಸುತ್ತಲೇ ಇರಬೇಕು.

ಮನೆಯ ಒಡವೆಯ ಕಥೆಯೂ ಇದೇ. ಹಬ್ಬದ ಮುಂಚೆ ಸರಕು ತುಂಬಲು ಹೆಂಡತಿಯ ಬಳೆ, ಸರಗಳು ಗಿರವಿಗೆ ಹೋಗುತ್ತವೆ. ತುರ್ತಿಗೆ ಒದಗುವುದೇ ಚಿನ್ನದ ಗುಣ, ತಪ್ಪೇನಿಲ್ಲ. ಆದರೆ ಅದು ಅಂಗಡಿಯ ಪುಸ್ತಕದಲ್ಲಿ ಎಲ್ಲಿಯೂ ಬರೆಯಲ್ಪಡುವುದಿಲ್ಲ. ಸಗಟು ವ್ಯಾಪಾರಿಯ ಬಾಕಿ ಪೈಸೆ ಪೈಸೆಯಾಗಿ ದಾಖಲಾಗಿರುತ್ತದೆ; ಸ್ತ್ರೀಧನದ ಬಾಕಿಗೆ ಒಂದು ಸಾಲೂ ಇಲ್ಲ. ಗಿರವಿಯ ಹಣವನ್ನು ಗೃಹಿಣಿಯ ಹೆಸರಿನಲ್ಲಿ ಸಾಲವೆಂದು ಜಮಾ ಮಾಡಿ, ಬಡ್ಡಿಯನ್ನು ಅಂಗಡಿಯ ಖರ್ಚಿಗೆ ಹಾಕಿ, ಬಿಡಿಸಿಕೊಡುವ ದಿನಾಂಕವನ್ನು ಬರೆದಿಟ್ಟರೆ ಎರಡು ಪ್ರಯೋಜನ. ಒಡವೆ ಮರಳಿ ಪೆಟ್ಟಿಗೆ ಸೇರುವ ಸಂಭವ ಹೆಚ್ಚುತ್ತದೆ, ಹಬ್ಬದ ವ್ಯಾಪಾರದಲ್ಲಿ ನಿಜವಾಗಿ ಎಷ್ಟು ಗಿಟ್ಟಿತೆಂಬುದೂ ತಿಳಿಯುತ್ತದೆ.

ಉಳಿಸಿದ ಹಣವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಉತ್ತರಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಮೊದಲಿಗೆ ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿರಬೇಕು. 2020ರ ಮಾರ್ಚ್ ಕೊನೆಯಲ್ಲಿ ಬಾಗಿಲು ಮುಚ್ಚಿದಾಗ ಸಾಲದ ಕಂತುಗಳಿಗೆ ಆಗಸ್ಟ್ 31ರವರೆಗೆ ರಿಸರ್ವ್ ಬ್ಯಾಂಕು ಬಿಡುವು ಕಲ್ಪಿಸಿತು. ಕಿರಾಣಿ ಸಾಮಾನಿಗೂ ಔಷಧಿಗೂ ಬಿಡುವು ಕೊಡುವವರು ಯಾರಿದ್ದರು? ಆ ಹಣವನ್ನು ಇಡುವಾಗಲೂ ಜಾಗ್ರತೆ ಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತ್ತು. ಮರುತಿಂಗಳು ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಈ ವಿಮೆಯಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ: ಒಂದೇ ಬ್ಯಾಂಕಿನಲ್ಲಿರುವ ಏಕಮಾಲೀಕತ್ವದ ಅಂಗಡಿಯ ಚಾಲ್ತಿ ಖಾತೆಯನ್ನೂ ಮಾಲೀಕನ ಸ್ವಂತ ಠೇವಣಿಯನ್ನೂ ಕೂಡಿಸಿಯೇ ಐದು ಲಕ್ಷದ ಮಿತಿಯನ್ನು ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಅಂಗಡಿಯ ಖಾತೆ ಇರುವ ಬ್ಯಾಂಕು ಒಂದು, ಮನೆಯ ಖಾತೆ ಇರುವ ಬ್ಯಾಂಕು ಇನ್ನೊಂದು ಆಗಿರುವುದು ಒಳಿತು. ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆಯೇ ಇಲ್ಲ. ಚೀಟಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ: 1982ರ ಕಾಯಿದೆಯಡಿ ನೋಂದಾಯಿತವಾದ ಚೀಟಿ ಬೇರೆ, ಪರಿಚಯದ ಮೇಲೆ ನಡೆಯುವ ಚೀಟಿ ಬೇರೆ.

ಇನ್ನು ಎದುರು ದಿಕ್ಕಿನಿಂದ ಬರುವವರ ಮಾತು. ನಗರದಲ್ಲಿ ಸಂಬಳದ ಕೆಲಸದಲ್ಲಿರುವ ಮಗ ಅಥವಾ ಮಗಳು ತಂದೆಯ ಕಾರ್ಖಾನೆಗೆ ಮರಳುವ, ಇಲ್ಲವೇ ಹೊಸ ಘಟಕ ತೆರೆಯುವ ಯೋಚನೆ ಮಾಡುವುದು ಈಗ ಅಪರೂಪವಲ್ಲ. ಹಿರಿಯರಿಗೆ ಸಂತೋಷದ ವಿಷಯವೇ. ಆದರೆ ರಾಜೀನಾಮೆ ಪತ್ರಕ್ಕೆ ಮೊದಲು ಆಗಬೇಕಾದ ಕೆಲಸಗಳು ಹಲವು. ಸಂಸ್ಥೆ ಕೊಟ್ಟಿದ್ದ ಆರೋಗ್ಯ ವಿಮೆ ಕೆಲಸದೊಡನೆ ಕೊನೆಗೊಳ್ಳುವುದರಿಂದ ಕುಟುಂಬಕ್ಕೆ ಬೇರೆ ವಿಮೆ ಮೊದಲೇ ಮಾಡಿಸಿರಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿನ ಮೇಲೆ ಇದ್ದ ಶೇ. 18ರ ಜಿ.ಎಸ್.ಟಿ. ತೆಗೆದುಹಾಕಲಾಗಿದೆ. ಮನೆಸಾಲದ ಕಂತು ನಡೆಯುತ್ತಿದ್ದರೆ ಒಂದು ವರ್ಷದ ಕಂತಾದರೂ ಪ್ರತ್ಯೇಕವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಕಸುಬಿಗೆ ಸುರಿಯುವ ಹಣದ ಮೇಲ್ಮಿತಿಯನ್ನೂ ಕೊನೆಯ ದಿನಾಂಕವನ್ನೂ ಮನೆಯವರೆಲ್ಲ ಕುಳಿತು ಮೊದಲೇ ನಿಶ್ಚಯಿಸಿ ಬರೆದಿಡಬೇಕು. 2000-01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಸ್ವಯಂ ನಿವೃತ್ತಿ ಪಡೆದಾಗ, ಕೈಗೆ ಬಂದ ಇಡಿಗಂಟನ್ನು ಹೇಗೆ ಬಳಸಬೇಕೆಂಬ ಚರ್ಚೆ ಮನೆಮನೆಯಲ್ಲೂ ನಡೆದಿತ್ತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸೋಮಾರಿಗಳಿಗೆ ಮಾತ್ರ ಹೇಳಿದ್ದಲ್ಲ. ಲಾಭ ಕಾಣದ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವನೂ ಗಂಟು ಕರಗಿಸುತ್ತಲೇ ಇರುತ್ತಾನೆ.

ವರ್ತಕನಿಗೆ ನಿವೃತ್ತಿ ವೇತನವಿಲ್ಲ. ತನ್ನ ನೌಕರರಿಗೆ ಭವಿಷ್ಯ ನಿಧಿ ಕಟ್ಟುವ ಮಾಲೀಕನಿಗೆ ತನ್ನದೆಂಬ ನಿಧಿ ಇರುವುದಿಲ್ಲ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರದ ವರ್ತಕರಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು ಸೇರಬಹುದು. ಅರವತ್ತರ ಮೇಲೆ ತಿಂಗಳಿಗೆ ಕನಿಷ್ಠ 3,000 ರೂಪಾಯಿ. ಇಲ್ಲದಿರುವುದಕ್ಕಿಂತ ಮೇಲು ಎನ್ನಬಹುದು, ಅದರಿಂದಲೇ ಮನೆ ನಡೆಯುತ್ತದೆನ್ನಲಾಗದು. ಅಂಗಡಿಯೇ ಪಿಂಚಣಿ ಎಂದು ನಂಬಿದ ಹಿರಿಯರು, ಮಕ್ಕಳು ಬೇರೆ ಊರು ಸೇರಿ ಅಂಗಡಿಯ ಮೆಟ್ಟಿಲು ಹತ್ತುವವರೇ ಇಲ್ಲದಾದಾಗ, ದಾಸ್ತಾನನ್ನು ಸಿಕ್ಕಿದ ಬೆಲೆಗೆ ಕೊಟ್ಟು ಬಾಗಿಲೆಳೆಯುವ ದೃಶ್ಯ ಹಳೆಯ ಪೇಟೆ ಬೀದಿಗಳಲ್ಲಿ ಹೊಸತಲ್ಲ.

ವಾಣಿಜ್ಯ ಸಂಸ್ಥೆಗಳು ಜಿ.ಎಸ್.ಟಿ. ವಿವರಣಾ ಪತ್ರ, ರಫ್ತು, ಗುಣಮಟ್ಟದ ಪ್ರಮಾಣಪತ್ರ ಇವುಗಳ ಕುರಿತು ತರಬೇತಿ ನಡೆಸುತ್ತವೆ. ಮಾಲೀಕನ ಮನೆಯ ಲೆಕ್ಕವನ್ನು ಖಾಸಗಿ ವಿಷಯವೆಂದು ಮುಟ್ಟುವುದಿಲ್ಲ. ಈ ಸಂಕೋಚವನ್ನು ಬಿಡುವ ಕಾಲ ಬಂದಿದೆ. ಮಾರ್ಚ್ 31ರ ಜಮಾಖರ್ಚಿನ ತಖ್ತೆಯೊಡನೆ ಮತ್ತೊಂದೇ ಒಂದು ಹಾಳೆಯನ್ನು ಸಿದ್ಧಪಡಿಸಿಕೊಡುವಂತೆ ಲೆಕ್ಕಪರಿಶೋಧಕರನ್ನು ಕೇಳುವುದರಿಂದ ಆರಂಭಿಸಬಹುದು. ಮಾಲೀಕನ ಸಂಬಳ, ಮಳಿಗೆಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಕಳೆದ ಮೇಲೆ ಉಳಿದ ಲಾಭ. ಅಂಗಡಿಗೆ ಸೇರದ ಮನೆಯ ಉಳಿತಾಯ. ಮನೆಯ ಪತ್ರ ಎಲ್ಲಿದೆ, ಒಡವೆ ಎಲ್ಲಿದೆ ಎಂಬ ವಿವರ. ಹಾಳೆಯ ಕೆಳಗೆ ಮಾಲೀಕನ ರುಜುವಿನ ಪಕ್ಕದಲ್ಲಿ ಅವನ ಹೆಂಡತಿಯ ರುಜುವಿಗೂ ಜಾಗ ಬಿಟ್ಟಿರಬೇಕು.